ದೊರೆಯ ಕೆನ್ನೆಯ ಮಚ್ಚೆ

ನಾನು ಸಂಶಯದ ಹೆಂಗಸು. ಇದನ್ನು ನಾಚಿಕೊಂಡು ಹೇಳುತ್ತಿಲ್ಲ. ಹಾಲು ಹಾಕುವವಳು ಬಾಗಿಲಿಗೆ ಬಂದರೆ ಹಾಲಿಗೆ ಬೆರಳು ಅದ್ದಿ ನೋಡುತ್ತೇನೆ. ಬಳೆಗಾರ ಬಳೆ ಗಟ್ಟಿ ಎಂದಷ್ಟೂ ಬಳೆ ಬೆಳಕಿಗೆ ಹಿಡಿದು ಬಿರುಕು ಹುಡುಕುತ್ತೇನೆ. ನಮ್ಮಪ್ಪ ಹಿರೇಬೆಂಡಿಗೇರಿಯಿಂದ ಎತ್ತು ಕೊಳ್ಳಲು ಸಂತೆಗೆ ಹೋಗುವಾಗ ನನ್ನನ್ನೂ ಬಂಡಿಯಲ್ಲಿ ಕೂರಿಸಿಕೊಳ್ಳುತ್ತಿದ್ದ. ದಲಾಲಿ ಎತ್ತಿನ ಕೋಡು ಹೊಗಳುತ್ತಿದ್ದರೆ ನಾನು ಅದರ ಗೊರಸು ನೋಡುತ್ತಿದ್ದೆ. "ನನ್ನ ಮಗಳು ಹ್ಞೂಂ ಅಂದ್ರ ಮುಗೀತು, ಹಲ್ಲು ಎಣಿಸೂದು ಬ್ಯಾಡ" ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದ. ಅಂಥವಳನ್ನು ಚಿಕ್ಕೇರೂರಿನಾಚೆಯ ಒಂದು ಸಣ್ಣ ಊರಿಗೆ ಮದುವೆ ಮಾಡಿಕೊಟ್ಟರು. ಆ ಊರಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ನಂಬುವ ಒಂದು ವಸ್ತುವಿತ್ತು. ಅದು ದೊರೆಯ ಚಿತ್ರ.

ಊರಿನ ನಡುವೆ ಹಳೆಯ ವಾಡೆ. ಹಿಂದೆ ನಾಲ್ಕಾರು ಹಳ್ಳಿಗಳನ್ನು ಆಳಿದ ಮನೆತನದ್ದು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಆಳುವುದಕ್ಕೆ ಉಳಿದಿದ್ದು ಒಂದು ಕೊಟ್ಟಿಗೆ, ಹಿತ್ತಲು ಮತ್ತು ಒಬ್ಬ ಕಾರಭಾರಿ. ಆದರೆ ದಿವಾಣಖಾನೆಯ ಗೋಡೆಯ ಮೇಲೆ ಆ ಮನೆತನದ ಕೊನೆಯ ನಿಜವಾದ ದೊರೆ ಎಣ್ಣೆಬಣ್ಣದ ಆಳೆತ್ತರದ ಚಿತ್ರವಾಗಿ ಕುಳಿತಿದ್ದ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಆ ಚಿತ್ರದ ಸುದ್ದಿ ಕೇಳದವರಿರಲಿಲ್ಲ. ಅಬಲೂರಿನ ಗುಡಿಗೆ ನಡೆದುಕೊಳ್ಳುವವರು ಕೂಡ ಹಾದಿ ಬಳಸಿ ಬಂದು ದೊರೆಗೆ ಕೈಮುಗಿದು ಹೋಗುತ್ತಿದ್ದರು.

ಚಿತ್ರದಲ್ಲಿ ಕಾಣುವ ಒಂದೊಂದಕ್ಕೂ ಊರಿನವರು ಒಂದೊಂದು ಅರ್ಥ ಕಟ್ಟಿದ್ದರು. ಕತ್ತಿ ಒರೆಯಲ್ಲೇ ಇದೆ, ಅಂದರೆ ದೊರೆ ಕಾಲು ಕೆರೆದು ಜಗಳಕ್ಕೆ ಹೋಗುವವನಲ್ಲ. ಎದೆಯ ಮೇಲಿನ ಬೆಳ್ಳಿಯ ಕರಡಿಗೆ ದೊಡ್ಡದಿದೆ, ಅಂದರೆ ಲಿಂಗಪೂಜೆ ತಪ್ಪಿಸಿದವನಲ್ಲ. ಬಲಗೈ ಮುಷ್ಟಿಯಲ್ಲಿ ಏನೋ ಕಪ್ಪಗೆ ಕಾಣುತ್ತಿತ್ತು. ಅದು ವೈರಿಯ ಜುಟ್ಟು ಎಂದು ಗಂಡಸರು, ಸವಣೂರಿನ ವೀಳ್ಯದೆಲೆಯ ಸುರುಳಿ ಎಂದು ಹೆಂಗಸರು. ಇವೆಲ್ಲಕ್ಕಿಂತ ಹೆಚ್ಚಿನದು ದೊರೆಯ ಬಲಗೆನ್ನೆಯ ಮಚ್ಚೆ. ಕಡಲೆಕಾಳಿನಷ್ಟು ದಪ್ಪ, ಕಪ್ಪೆಂದರೆ ಕಪ್ಪು. ಗಂಡಸಿಗೆ ಬಲಗೆನ್ನೆಯ ಮಚ್ಚೆ ರಾಜಯೋಗವಂತೆ. ನಮ್ಮ ಕಡೆ ವರ ನೋಡಲು ಹೋದವರು ಮೊದಲು ಹೊಲ ಕೇಳುತ್ತಿದ್ದರು, ಆಮೇಲೆ ಹುಡುಗನ ಬಲಗೆನ್ನೆ ನೋಡುತ್ತಿದ್ದರು. ನಮ್ಮವರ ಕೆನ್ನೆಯಲ್ಲಿ ಮಚ್ಚೆ ಇರಲಿಲ್ಲ. ಅಪ್ಪ ಹೊಲ ನೋಡಿ ಕೊಟ್ಟಿದ್ದ.

ಮಚ್ಚೆಯನ್ನು ಎಲ್ಲರಿಗಿಂತ ಹೆಚ್ಚು ನೋಡುತ್ತಿದ್ದವರು ವಾಡೆಯ ಹಿರಿಯ ವಿಧವೆ. ಎಲ್ಲರೂ ಅವರನ್ನು ಅವ್ವಸಾಹೇಬರು ಎನ್ನುತ್ತಿದ್ದರು. ಅವರ ಹಿರಿಯ ಮಗ ಹುಟ್ಟುವಾಗಲೇ ಬಲಗೆನ್ನೆಯ ಮೇಲೆ ಮಚ್ಚೆ ಹೊತ್ತು ಹುಟ್ಟಿದ್ದನಂತೆ. ದೊರೆಯೇ ತಿರುಗಿ ಬಂದ ಎಂದು ಊರೆಲ್ಲ ಸಕ್ಕರೆ ಹಂಚಿದ್ದರು. ಆ ಹುಡುಗ ಸಾಲೆಗೆ ಹೋಗುವ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡ. ಕಿರಿಯ ಮಗ ಧಾರವಾಡದಲ್ಲಿ ಓದುತ್ತಿದ್ದ, ಅವನಿಗೆ ಮಚ್ಚೆ ಇರಲಿಲ್ಲ. ಅವ್ವಸಾಹೇಬರು ದಿನಾ ಸಂಜೆ ಚಿತ್ರದ ಎದುರು ಜಮಖಾನೆಯ ಮೇಲೆ ಕುಳಿತು ಆ ಕೆನ್ನೆಯನ್ನೇ ನೋಡುತ್ತಿದ್ದರು. ಅವರು ನೋಡುತ್ತಿದ್ದುದು ದೊರೆಯನ್ನಲ್ಲ, ಮಗನನ್ನು. ಅಷ್ಟು ನನಗೂ ತಿಳಿಯುತ್ತಿತ್ತು.

ಚಿತ್ರದ ಮುಂದೆ ದೀಪ ಹಚ್ಚುವ ಹಕ್ಕು ನಮ್ಮ ಮನೆಯದು. ಅದಕ್ಕೇ ನಮಗೆ ದೀಪದ ಮನೆಯವರು ಎಂದು ಹೆಸರು. ದಿನಾ ಸಂಜೆ ನಮ್ಮತ್ತೆ ಹೋಗಿ ದೀಪ ಹಚ್ಚಿ ಬರುತ್ತಿದ್ದಳು. ವರ್ಷಕ್ಕೊಮ್ಮೆ, ದಸರೆಯಲ್ಲಿ ಕತ್ತಿ ಗುರಾಣಿ ಪೂಜಿಸುವ ಖಂಡೆಪೂಜೆಯ ದಿನ ಬೆಳಗ್ಗೆ, ಚಿತ್ರವನ್ನು ಗೋಡೆಯಿಂದ ಇಳಿಸಿ ಕುಸುಬಿ ಎಣ್ಣೆ ಅದ್ದಿದ ಅರಿವೆಯಿಂದ ಒರೆಸುವುದೂ ಅವಳೇ. ಆಗ ದಿವಾಣಖಾನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹೊಸದಾಗಿ ಬಂದವಳು ನಾನು ಒಮ್ಮೆ ಕೇಳಿದೆ, "ಅತ್ತಿ, ನಾನೂ ಬರಲೇನ್ರಿ? ಒರಸೂದು ಕಲೀತೇನಿ."

"ಕಲಿಯೂದು ಏನೈತಿ ಅದರಾಗ? ಮನ್ಯಾಗ ಹೋಳಿಗಿ ನೋಡ್ಕೋ" ಎಂದಳು, ನನ್ನ ಮುಖ ನೋಡದೆ.

ಮುಖ ನೋಡದೆ ಮಾತಾಡುವವರನ್ನು ನಾನು ಬಿಡುವುದಿಲ್ಲ. ಅಂದಿನಿಂದ ಅತ್ತೆಯ ಮೇಲೆ ಒಂದು ಕಣ್ಣಿಟ್ಟೆ. ಹಾಗೆ ಕಂಡಿದ್ದು ಕಾಡಿಗೆ. ಪ್ರತಿ ವರ್ಷ ದಸರೆಯ ಮೊದಲು ಅವಳು ಹಿತ್ತಲಲ್ಲಿ ಕುಳಿತು ಔಡಲೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ ಮಸಿ ಹಿಡಿಯುತ್ತಿದ್ದಳು. ಅದಕ್ಕೆ ಚೂರು ಪಚ್ಚಕರ್ಪೂರ ಅರೆದು, ಹಿತ್ತಾಳೆಯ ಸಣ್ಣ ಡಬ್ಬಿಗೆ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಕೂಸಿಲ್ಲ. ನನಗೆ ಕೊಡುವುದಿಲ್ಲ. ಅವಳೋ ಗಂಡ ಸತ್ತ ಹೆಂಗಸು, ಕಾಡಿಗೆ ಹಚ್ಚುವ ಹಾಗಿಲ್ಲ. ಹಾಗಾದರೆ ಈ ಕಾಡಿಗೆ ಯಾರಿಗೆ? ಮಾಟ ಮಾಡುತ್ತಾಳೆ ಎಂದು ನಾನು ಲೆಕ್ಕ ಹಾಕಿದೆ. ಯಾರ ಮೇಲೆ ಎನ್ನುವುದೊಂದು ತಿಳಿಯಲಿಲ್ಲ. ಅದು ನನ್ನ ಮೇಲೆಯೇ ಇರಬೇಕು ಎಂದು ಕೆಲವು ದಿನ ಅವಳು ಬಡಿಸಿದ ಪಲ್ಯವನ್ನು ಬೆಕ್ಕಿಗೆ ಹಾಕಿ ನೋಡಿದ್ದೂ ಉಂಟು. ಬೆಕ್ಕು ದಪ್ಪಗಾಯಿತು.

ಆಮೇಲೆ ಯುದ್ಧ ಬಂತು. ಸೀಮೆಎಣ್ಣೆ ಸಿಗದೆ ವಾಡೆಯ ದೀಪಗಳೆಲ್ಲ ಹೊಂಗೆ ಎಣ್ಣೆಗೆ ತಿರುಗಿದವು. ಅದರ ಹೊಗೆ ಬಾಣಂತಿಕೋಣೆಯ ಹೊಗೆಯಂತೆ ಕಣ್ಣು ಉರಿಸುತ್ತಿತ್ತು. ವರ್ಷವೆರಡು ವರ್ಷದಲ್ಲಿ ದೊರೆಯ ಮುಖ ಒಲೆಯ ಮೇಲಿನ ಗಡಿಗೆಯ ಬಣ್ಣಕ್ಕೆ ಬಂತು. ಅತ್ತೆ ಒರೆಸಿದಷ್ಟೂ ಎಣ್ಣೆ ಅಂಟಿ ಮಸಿ ಗಟ್ಟಿಯಾಗುತ್ತಿತ್ತು. ಚಿತ್ರದ ಮೂಲೆಯಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಮಸಿಯ ನಡುವೆ ಮಚ್ಚೆಯೊಂದೇ ಇನ್ನೂ ಕಪ್ಪಗೆ ಕಾಣುತ್ತಿತ್ತು.

ಆಗ ಮುಂದೆ ಬಂದವರು ನಮ್ಮವರು. ಅವರು ಹಾನಗಲ್ಲಿನ ಕಡೆಯ ಒಂದು ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು, ಹಿರಿಯ ಮಾಸ್ತರರ ಜೊತೆ ಜಗಳ ಮಾಡಿ ಮನೆಗೆ ಬಂದು ಕುಳಿತಿದ್ದರು. ಮದುವೆಗೆ ಮೊದಲು ಕೊಲ್ಲಾಪುರದಲ್ಲಿ ಒಬ್ಬ ಚಿತ್ರಗಾರರ ಮನೆಯಲ್ಲಿದ್ದು ಚಿತ್ರ ಬರೆಯುವುದನ್ನೂ ಹಳೆಯ ಚಿತ್ರ ತೊಳೆಯುವುದನ್ನೂ ಕಲಿತಿದ್ದರು. ಕೈ ಒಳ್ಳೆಯದು, ಬಾಯಿ ಅಷ್ಟು ಒಳ್ಳೆಯದಲ್ಲ. ಗುರುಗಳ ಒಂದು ಚಿತ್ರವನ್ನು ನಕಲು ಮಾಡಿ ಪಕ್ಕದಲ್ಲಿಟ್ಟರೆ ಯಾವುದು ತಮ್ಮದೆಂದು ಗುರುಗಳಿಗೇ ಗುರುತು ಸಿಗಲಿಲ್ಲ ಎಂದು ಕಟ್ಟೆಯ ಮೇಲೆ ಕುಳಿತು ಜಂಬ ಕೊಚ್ಚಿದ್ದರು. ಕಾರಭಾರಿ ಆ ದಿನ ಅಲ್ಲೇ ಅಡಿಕೆ ಕತ್ತರಿಸುತ್ತ ಕೇಳಿದ್ದ.

ಅವ್ವಸಾಹೇಬರು ಒಪ್ಪಿದರು. ಶ್ರಾವಣದಲ್ಲಿ ಕೆಲಸ ಶುರುವಾಯಿತು. ನಮ್ಮವರು ಚಿತ್ರ ಇಳಿಸಿ ದಿವಾಣಖಾನೆಯ ಬಾಗಿಲು ಹಾಕಿಕೊಂಡರು. ಯಾರೂ ಬರುವಂತಿಲ್ಲ. ದೀಪವನ್ನು ಕೂಡ ಹೊರಗಿನ ಪಡಸಾಲೆಯಲ್ಲೇ ಹಚ್ಚಬೇಕು ಎಂದು ತಾಯಿಗೇ ಹೇಳಿಬಿಟ್ಟರು. ಅವತ್ತಿನಿಂದ ಅತ್ತೆಗೆ ರೊಟ್ಟಿ ಸೇರಲಿಲ್ಲ. ತಾಯಿಯೂ ಬಾಗಿಲು ಹಾಕುತ್ತಿದ್ದಳು, ಈಗ ಮಗನೂ ಹಾಕಿದ. ಇಬ್ಬರೂ ಏನು ಮುಚ್ಚಿಡುತ್ತಿದ್ದಾರೆ ಎಂದು ನನ್ನ ತಲೆಯಲ್ಲಿ ಹುಳ ಹೊಕ್ಕಿತು.

ಮಧ್ಯಾಹ್ನದ ಬುತ್ತಿ ಒಯ್ಯುವುದು ನನ್ನ ಕೆಲಸ. ಒಂದು ದಿನ ಬಾಗಿಲು ಬಡಿಯುವ ಮೊದಲು ಸಂದಿನಲ್ಲಿ ಕಣ್ಣಿಟ್ಟೆ. ನಮ್ಮವರು ಕಡ್ಡಿಗೆ ಸುತ್ತಿದ ಅರಳೆಯನ್ನು ಬಾಯಿಯಲ್ಲಿ ಒದ್ದೆ ಮಾಡಿ ದೊರೆಯ ಹಣೆಯ ಮೇಲೆ ಮೆಲ್ಲಗೆ ಉರುಳಿಸುತ್ತಿದ್ದರು. ಅರಳೆ ಕಪ್ಪಾದೊಡನೆ ಬಿಸಾಡಿ ಇನ್ನೊಂದನ್ನು ಬಾಯಿಗೆ ಇಟ್ಟುಕೊಂಡರು. ಬಾಗಿಲು ತಳ್ಳಿ ಒಳಗೆ ಹೋದೆ.

"ಏನ್ರಿ ಇದು? ದೊರೀಗೆ ಎಂಜಲ ಹಚ್ಚಾಕತ್ತೀರೇನು?"

"ಸಣ್ಣಗ ಮಾತಾಡು" ಎಂದರು. "ನೀರು ಹಾಕಿದ್ರ ಬಣ್ಣ ಉಬ್ಬತೈತಿ. ಸಾಬಾಣ ಹಚ್ಚಿದ್ರ ಸುಲಿದು ಬರತೈತಿ. ಗುರುಗಳು ಕಲಿಸಿದ್ದು ಇದನ್ನ. ಉಗುಳಿನಷ್ಟು ಮೆತ್ತಗಿಂದು ಬ್ಯಾರೆ ಯಾವುದೂ ಇಲ್ಲ."

"ಊರಾಗ ಗೊತ್ತಾದ್ರ?"

"ಅದಕ್ಕ ಬಾಗಲಾ ಹಾಕೇನಿ."

ಆ ಗುಟ್ಟನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಒಂದು ಗುಟ್ಟು ಗೊತ್ತಾದರೆ ಉಳಿದವರಿಗೆ ಸಮಾಧಾನವಾಗುತ್ತದೆ. ನನಗೆ ಹಾಗಲ್ಲ. ಒಂದನ್ನು ಮುಚ್ಚಿಟ್ಟವರು ಇನ್ನೊಂದನ್ನು ಮುಚ್ಚಿಡಲಾರರೇ ಎಂದು ಶುರುವಾಯಿತು.

ಭಾದ್ರಪದದ ಒಂದು ಬೆಳಗ್ಗೆ ನಮ್ಮವರು ಬಂಡಿ ಕಟ್ಟಿಸಿಕೊಂಡು ಸವಣೂರಿಗೆ ಹೋದರು. ಬಂಡಿಯಲ್ಲಿ ಉದ್ದನೆಯದೊಂದು ವಸ್ತು, ಅದರ ಮೇಲೆ ನನ್ನ ಹಳೆಯ ಕೌದಿ. ಕೇಳಿದ್ದಕ್ಕೆ, "ಚಿತ್ರದ ಚೌಕಟ್ಟಿಗೆ ಹುಳ ಹಿಡದೈತಿ, ಅಲ್ಲೊಬ್ಬ ಬಡಿಗ್ಯಾ ಅದಾನ" ಎಂದರು. ನಾಲ್ಕನೆಯ ದಿನ ಬರೀ ಒಂದು ಪೆಂಡಿ ವೀಳ್ಯದೆಲೆಯೊಡನೆ ಬಂದರು. ಮತ್ತೆ ಕೆಲವು ದಿನ ಬಿಟ್ಟು ಹೋಗಿ ಚೌಕಟ್ಟು ತಂದರು. ಅದೇನೋ ನಿಜ, ಚೌಕಟ್ಟು ಬಂತು. ಆದರೆ ಹೋದದ್ದು ಚೌಕಟ್ಟೊಂದೇ ಎಂದು ಯಾರು ಹೇಳಬೇಕು? ಆ ಕಾಲವೇ ಹಾಗಿತ್ತು. ಚಳವಳಿಯಲ್ಲಿ ತಂತಿ ಕಡಿದವರನ್ನು ಹುಡುಕುತ್ತ ಪೊಲೀಸರು ಹಾದಿಯಲ್ಲಿ ಬಂಡಿ ತಡೆದು ಹುಲ್ಲು ಕೆದರುತ್ತಿದ್ದರು. ಮದುವೆಯ ಗಂಟಿನೊಳಗೂ ಏನೋ ಇದೆ ಎಂದು ಎಲ್ಲರೂ ತಿಳಿಯುತ್ತಿದ್ದರು. ಕೌದಿ ಹೊಚ್ಚಿದ ಬಂಡಿ ಊರು ದಾಟುವುದನ್ನು ಕಾರಭಾರಿ ವಾಡೆಯ ಮಾಳಿಗೆಯಿಂದ ನೋಡಿದ್ದ.

ಖಂಡೆಪೂಜೆ ಬಂತು. ಆ ವರ್ಷ ಎಂದಿಲ್ಲದ ಜನ. ಚಿಕ್ಕೇರೂರಿನವರು, ಅಬಲೂರಿನವರು, ನಮ್ಮ ತವರಿನ ಕಡೆಯಿಂದಲೂ ಎರಡು ಬಂಡಿ. ಗೋಡೆಗೆ ಒರಗಿಸಿಟ್ಟ ಚಿತ್ರದ ಮೇಲೆ ಬಿಳಿಯ ಧೋತರ ಹೊದಿಸಿತ್ತು. ಕತ್ತಿ ಗುರಾಣಿಗಳ ಪೂಜೆ ಮುಗಿದ ಮೇಲೆ ನಮ್ಮವರು ಧೋತರ ಎಳೆದರು.

ನಾನು ಆವರೆಗೆ ದೊರೆಯನ್ನು ನೋಡಿಯೇ ಇರಲಿಲ್ಲ ಎನಿಸಿತು. ಗೋಧಿ ಬಣ್ಣದ ಮುಖ, ನಗುವುದೋ ಬೇಡವೋ ಎಂಬಂಥ ತುಟಿ. ಹಿಂದೆ ಬರೀ ಕತ್ತಲೆಯಿದ್ದಲ್ಲಿ ಕಿಟಕಿಯೂ ಕಿಟಕಿಯಾಚೆ ಒಂದು ತುಂಬಿದ ಕೆರೆಯೂ ಇದ್ದವು. ಮುಷ್ಟಿಯಲ್ಲಿದ್ದದ್ದು ಜುಟ್ಟೂ ಅಲ್ಲ, ವೀಳ್ಯದೆಲೆಯೂ ಅಲ್ಲ, ಒಂದು ಜೋಳದ ತೆನೆ. ಕಾಳುಗಳನ್ನು ಬಿಡಿಸಿ ನೋಡಬಹುದಾದಷ್ಟು ಚೊಕ್ಕ. ಜನ ಆಹಾ ಎನ್ನಲು ಬಾಯಿ ತೆರೆದವರು ಹಾಗೇ ನಿಂತರು. ಎಲ್ಲರ ಕಣ್ಣೂ ಒಂದೇ ಜಾಗದಲ್ಲಿತ್ತು. ಬಲಗೆನ್ನೆ ನುಣ್ಣಗಿತ್ತು. ಮಚ್ಚೆ ಇರಲಿಲ್ಲ.

ಅವ್ವಸಾಹೇಬರು ಎದ್ದು ಹತ್ತಿರ ಬಂದರು. ಬೆರಳಿಂದ ಆ ಕೆನ್ನೆ ಮುಟ್ಟಿದರು. ಆಮೇಲೆ ಕೈ ಸುಟ್ಟವರ ಹಾಗೆ ಹಿಂದಕ್ಕೆ ತೆಗೆದುಕೊಂಡರು.

"ಇವರು ನಮ್ಮ ದೊರಿ ಅಲ್ಲ" ಎಂದರು.

ಕಾರಭಾರಿ ಕಾಯುತ್ತಿದ್ದವನಂತೆ ಮುಂದೆ ಬಂದ. "ನಾ ಅವತ್ತ ಅಂದಿದ್ನಿರಿ ಅವ್ವಸಾಹೇಬ್ರ. ಮಾಸ್ತರ್ರು ನಕಲು ಮಾಡಿದ್ರ ಗುರುವಿಗೂ ಗುರುತು ಸಿಗೂದಿಲ್ಲಂತ. ಕೌದಿ ಹೊಚ್ಚಿದ ಬಂಡಿ ಸವಣೂರಿಗೆ ಹೋಗಿದ್ದನ್ನ ಈ ಕಣ್ಣಿಲೆ ನೋಡೇನಿ. ಅಸಲು ಎಲ್ಲಿ ಐತಿ ಕೇಳ್ರಿ."

ಹಿಂದಿನಿಂದ ಯಾರೋ, "ನಕಲು ಮಾಡಾವ ಮಚ್ಚಿ ಮರೀತಾನೇನು?" ಎಂದರು. "ಅವಸರದಾಗ ಮರ್ತಾನ" ಎಂದ ಕಾರಭಾರಿ. ಅದಕ್ಕೆ ಎಲ್ಲರೂ ತಲೆ ಆಡಿಸಿದರು.

ಅವ್ವಸಾಹೇಬರು ನಮ್ಮವರ ಕಡೆ ತಿರುಗಿದರು. "ಮಾಸ್ತರ, ಮಚ್ಚಿ ಎಲ್ಲಿ?"

ನಮ್ಮವರು ಒಮ್ಮೆ ಜನರ ನಡುವೆ ನಿಂತಿದ್ದ ತಾಯಿಯ ಕಡೆ ನೋಡಿದರು. ಆಮೇಲೆ ನೆಲ ನೋಡುತ್ತ, "ಚಿತ್ರಗಾರ ಬರದಿದ್ದೆಲ್ಲಾ ಐತ್ರಿ" ಎಂದರು. ಅಷ್ಟೇ. ಆಣೆ ಇಡಲಿಲ್ಲ, ಜಗಳ ಮಾಡಲಿಲ್ಲ. ಹಿರಿಯ ಮಾಸ್ತರರ ಜೊತೆ ಸೀಮೆಸುಣ್ಣದ ತುಂಡಿಗೆ ಜಗಳ ಮಾಡಿ ನೌಕರಿ ಬಿಟ್ಟ ಮನುಷ್ಯ ಕಳ್ಳತನದ ಮಾತಿಗೆ ಸುಮ್ಮನಿದ್ದರು. ನನಗೆ ಅಲ್ಲೇ ಅನುಮಾನ ಗಟ್ಟಿಯಾಯಿತು.

ಕಾರಭಾರಿ ತೀರ್ಪು ಹೇಳಿದ. ಮರುದಿನ, ವಿಜಯದಶಮಿಯ ಸಂಜೆ, ಬನ್ನಿ ಮುಗಿಯುವುದರೊಳಗೆ ಅಸಲು ಚಿತ್ರ ಎಲ್ಲಿದೆ ಎಂದು ಮಾಸ್ತರರು ಹೇಳಬೇಕು. ಇಲ್ಲದಿದ್ದರೆ ದೀಪ ಬೇರೆ ಮನೆಗೆ, ಮಾಸ್ತರರು ಹಿರೇಕೆರೂರಿನ ಫೌಜದಾರನ ಕೈಗೆ. ಅವ್ವಸಾಹೇಬರು ಬೇಡ ಎನ್ನಲಿಲ್ಲ. ಅತ್ತೆ ಮನೆಗೆ ಬಂದವಳು ಹಿತ್ತಲ ಕಡೆ ಮುಖ ಮಾಡಿ ಕುಳಿತುಬಿಟ್ಟಳು.

ಮನೆಯಲ್ಲಿ ನಾನು ಕೇಳಿಯೇ ಬಿಟ್ಟೆ.

"ಖರೇ ಹೇಳ್ರಿ. ಬಂಡಿಯಾಗ ಒಯ್ದಿದ್ದು ಏನು?"

"ಚೌಕಟ್ಟು."

"ಚೌಕಟ್ಟಿಗೆ ಕೌದಿ ಯಾಕ ಹೊಚ್ಚಿದ್ರಿ?"

"ಮಳಿ ಇತ್ತು."

ಮಳೆ ಇದ್ದದ್ದು ಹೌದು. ಆದರೆ ಕೇಳಲು ಶುರು ಮಾಡಿದ ಮೇಲೆ ನನಗೆ ನಿಲ್ಲಿಸಲು ಬರುವುದಿಲ್ಲ. "ಕದ್ದು ಮಾರಿದ್ರೇನ್ರಿ? ಮಾರಿದ್ರ ನನಗರ ಹೇಳ್ರಿ, ನಾ ಯಾರಿಗೂ ಹೇಳೂದಿಲ್ಲ" ಎಂದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು.

"ಹೋಗ್ಲಿ, ನಿಮ್ಮ ಹಂತ್ಯಾಕ ಬಣ್ಣ ಐತಲ್ಲ. ಒಂದು ಮಚ್ಚಿ ಬರದು ಬರ್ರಿ, ಎಲ್ಲಾ ಮುಗೀತೈತಿ."

"ಚಿತ್ರಗಾರ ಇಡದಿದ್ದನ್ನ ನಾ ಇಡಬಾರದು" ಎಂದರು. "ಒರಸೂದು ನನ್ನ ಕೆಲಸ. ಬರಿಯೂದು ಅವನ ಕೆಲಸ. ಅಂವ ಮುಗಿಸಿ ಹೋಗ್ಯಾನ."

ತಲೆಯ ಮೇಲೆ ಫೌಜದಾರ ಬಂದು ಕುಳಿತಿರುವಾಗ ಎಂಥ ನೇಮ ಇದು ಎಂದು ನನಗೆ ರೇಗಿತು. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಹೆಂಡ ಎನ್ನುವ ಜನ ಇವರು. ಅಂಥವರ ನಡುವೆ ಈ ಮನುಷ್ಯ ಮಜ್ಜಿಗೆ ಎಂದು ಬಾಯಿ ಬಿಟ್ಟು ಹೇಳಲೂ ಒಲ್ಲ. ಕದಿಯದೆ ಇದ್ದರೆ ಹೀಗೆ ಇರಲು ಸಾಧ್ಯವೇ? ಅವರು ಉಣ್ಣದೆ ಎದ್ದರು. ನಾನೂ ಉಣಲು ಕರೆಯಲಿಲ್ಲ.

ಮರುದಿನ ಮಧ್ಯಾಹ್ನ ಹಿತ್ತಲಿನಿಂದ ಔಡಲೆಣ್ಣೆಯ ವಾಸನೆ ಬಂತು. ಅತ್ತೆ ತಾಮ್ರದ ತಟ್ಟೆ ಬೋರಲು ಹಾಕಿ ಕುಳಿತಿದ್ದಳು. ಮಗನನ್ನು ಕಳ್ಳ ಎಂದು ಊರೆಲ್ಲ ಅನ್ನುವಾಗ ಇವಳು ಕಾಡಿಗೆ ಮಾಡುತ್ತಿದ್ದಾಳೆ! ಕಾರಭಾರಿಗೆ ಮಾಟ ಮಾಡುತ್ತಾಳೇನೋ ಎಂದುಕೊಂಡೆ. ಅದೊಂದು ಸಲ ನಾನು ಬೇಡ ಎನ್ನಲಿಲ್ಲ.

ಸಂಜೆ ಬನ್ನಿ. ನಮ್ಮ ಕಡೆ ಬನ್ನಿಯ ಎಲೆಯೇ ಬಂಗಾರ. ವರ್ಷವಿಡೀ ಮಾತು ಬಿಟ್ಟವರು ಕೂಡ ಅಂದು ಒಬ್ಬರಿಗೊಬ್ಬರು ಎಲೆ ಕೊಟ್ಟು, ಬಂಗಾರದಂಗ ಇರೋಣು ಎಂದು ಕೈಮುಗಿಯಬೇಕು. ಗಂಡಸರೆಲ್ಲ ಬನ್ನಿ ಮುಡಿದು ಬಂದು ವಾಡೆಯ ಅಂಗಳದಲ್ಲಿ ಸೇರಿದ್ದರು. ಹೋಗಬೇಡಿ ಎಂದರೂ ನಮ್ಮವರು ಮುಂಡಾಸು ಸುತ್ತಿಕೊಂಡು ಹೋದರು. ನಾನು ಸೆರಗಿನ ತುದಿಗೆ ಒಂದು ಚೂರು ಬನ್ನಿ ಗಂಟು ಹಾಕಿಕೊಂಡು ಹಿಂದೆ ಹೋದೆ, ಹೆಂಗಸರ ಸಾಲಿನಲ್ಲಿ ನಿಂತೆ. ಮೊದಲು ಗಂಡನಿಗೆ ಕೊಟ್ಟು ಕಾಲು ಮುಟ್ಟುವುದು ಪದ್ಧತಿ. ಅವತ್ತು ಮನೆಯಲ್ಲಿ ಕೊಟ್ಟಿರಲಿಲ್ಲ.

ನಮ್ಮವರು ಅಂಗಳದ ಹಿರಿಯರೊಬ್ಬರ ಮುಂದೆ ನಿಂತು ಎಲೆ ಚಾಚಿದರು. ಹಿರಿಯರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಇನ್ನೊಬ್ಬರ ಮುಂದೆ ಹೋದರು. ಅವರು ಆಕಡೆ ತಿರುಗಿ ಯಾರನ್ನೋ ಮಾತಾಡಿಸಿದರು. ಜೊತೆಗೆ ಕುಸ್ತಿ ಆಡಿ ಬೆಳೆದ ಗೆಳೆಯ, ಪಕ್ಕದ ಹೊಲದವನು, ಎಲ್ಲರೂ ಹಾಗೆಯೇ. ಬನ್ನಿಯನ್ನು ಹಗೆಯವನ ಕೈಯಿಂದಲೂ ಬೇಡ ಎನ್ನಬಾರದು. ನಮ್ಮವರ ಕೈಯಿಂದ ಬೇಡ ಎಂದರು. ಅವರು ಅಂಗಳದ ನಡುವೆ ಎಲೆ ಹಿಡಿದ ಕೈಯನ್ನು ಇಳಿಸದೆ ನಿಂತಿದ್ದರು. ನನ್ನ ಸೆರಗಿನ ಗಂಟಿನಲ್ಲೂ ಬನ್ನಿ ಇತ್ತು. ಆದರೂ ಕಾಲು ಮುಂದೆ ಹೋಗಲಿಲ್ಲ.

ಅತ್ತೆ ಬಂದದ್ದು ಆಗ. ತಲೆಯ ತುಂಬ ಸೆರಗು, ಹಣೆಗೆ ವಿಭೂತಿ. ಅಂಗಳದ ಗಂಡಸರ ನಡುವಿನಿಂದಲೇ ನೆಟ್ಟಗೆ ನಡೆದು ದಿವಾಣಖಾನೆಯ ಮೆಟ್ಟಿಲು ಹತ್ತಿ ಚಿತ್ರದ ಮುಂದೆ ನಿಂತಳು. ಸೊಂಟದಿಂದ ಹಿತ್ತಾಳೆ ಡಬ್ಬಿ ತೆಗೆದು, ಕಿರುಬೆರಳಲ್ಲಿ ಕಾಡಿಗೆ ತಗೊಂಡು, ದೊರೆಯ ಬಲಗೆನ್ನೆಯ ಮೇಲೆ ಒತ್ತಿದಳು. ಒತ್ತಿ ಬೆರಳನ್ನು ಒಂದು ಸುತ್ತು ತಿರುಗಿಸಿದಳು. ಕೂಸಿಗೆ ಬೊಟ್ಟು ಇಡುವ ಹಾಗೆ.

ಆಮೇಲೆ ಪಕ್ಕಕ್ಕೆ ಸರಿದಳು. ದೊರೆ ಇದ್ದ. ಅಂಗಳದಲ್ಲಿದ್ದವರೆಲ್ಲ ಹುಟ್ಟಿದಾಗಿನಿಂದ ನೋಡಿದ ಅದೇ ದೊರೆ.

"ನಿಮ್ಮ ದೊರಿ ಎಲ್ಲಿಗೂ ಹೋಗಿಲ್ರಿ, ಇಲ್ಲೇ ಕುಂತಾರ" ಎಂದಳು ಅತ್ತೆ. "ಚಿತ್ರದ ಬಣ್ಣ ಆರೂದ್ರಾಗ ದೊರಿ ತೀರಿಕೊಂಡ್ರಲ್ಲ. ನಾಕು ಸೀಮಿ ಜನ ನೋಡಿ ದೃಷ್ಟಿ ಆತು ಅಂತ ಅವತ್ತಿಂದ ದೀಪದ ಮನಿ ಹೆಣಮಗಳು ವರ್ಷಕ್ಕೊಂದು ಬೊಟ್ಟು ಇಡತಾಳ. ನಮ್ಮತ್ತಿಯವರತ್ತಿ ಇಟ್ರು, ನಮ್ಮತ್ತಿ ಇಟ್ರು, ನಾ ಇಟ್ಟೆ. ಬೊಟ್ಟಿನ ಮ್ಯಾಲ ಬೊಟ್ಟು ಕುಂತು ಮಚ್ಚಿ ಆತು. ನನ್ನ ಮಗಾ ಒರಸಿದ್ದು ಮಚ್ಚಿ ಅಲ್ರಿ, ನಮ್ಮ ಮನಿ ಕಾಡಿಗಿ."

ಅವ್ವಸಾಹೇಬರು ಕೇಳಿದರು, "ನಿನ್ನಿ ಯಾಕ ಸುಮ್ಮನಿದ್ದಿ?"

ಅತ್ತೆ ಅವರ ಕಾಲ ಬಳಿ ಕುಸಿದು ಕುಳಿತಳು. "ಅದು ಮುತ್ತೈದಿ ಇಡೂ ಬೊಟ್ರಿ. ನನ್ನ ಗಂಡ ಹೋದ ಮ್ಯಾಲ ನಾ ಕೈ ಹಚ್ಚಬಾರದಿತ್ತು. ಮನ್ಯಾಗ ಸೊಸಿ ಇರಲಿಲ್ಲ. ಬಿಟ್ರ ಮಚ್ಚಿ ಮಾಸತಿತ್ತು, ಹೇಳಿದ್ರ ದೀಪ ಹೋಗತಿತ್ತು. ಇಟ್ಟೆ. ಅದರ ಮರುವರ್ಷನ ನಿಮ್ಮ ಹಿರೇ ಮಗ, ಸಣ್ಣ ಧಣ್ಯಾರು, ಹೋದ್ರು. ನನ್ನ ಕೈಯಿಂದ ಹೋದ್ರೇನೋ ಅಂತ ಅವತ್ತಿಂದ ನನಗ ಹೊಟ್ಟಿತುಂಬ ಕೂಳಿಲ್ರಿ. ಆಮ್ಯಾಲ ಬಂದ ಸೊಸಿಗೂ ಹೇಳಾಕ ಆಗಲಿಲ್ಲ. ನಿಮಗ ಯಾವ ಬಾಯಿಲೆ ಹೇಳ್ಲಿ?"

ಅವ್ವಸಾಹೇಬರ ಮುಖದಲ್ಲಿ ಏನಿತ್ತೆಂದು ನನಗೆ ತಿಳಿಯಲಿಲ್ಲ. ಅವರ ಹಣೆಯೂ ಬೋಳೇ. ಒಂದೇ ಮಾತು ಕೇಳಿದರು.

"ನನ್ನ ಕೂಸಿನ ಕೆನ್ನಿ ಮ್ಯಾಲಿಂದೂ ನೀನ ಇಟ್ಟಿದ್ದೇನು?"

"ಇಲ್ರಿ ಯವ್ವಾ. ಅದು ದೇವರು ಇಟ್ಟಿದ್ದು."

"ಹಂಗಾದ್ರ ಇದೂ ಇರಲಿ" ಎಂದರು ಅವ್ವಸಾಹೇಬರು. "ಯಾರೂ ಅಳಸಬ್ಯಾಡ್ರಿ. ಮುಂದ ನಿನ್ನ ಸೊಸಿ ಇಡಲಿ."

ಮುಂದೆ ನಾನೇ ಇಟ್ಟೆ. ಖಂಡೆಪೂಜೆಗೆ ಮುಂಚೆ ನಮ್ಮವರು ಬಾಗಿಲು ಹಾಕಿಕೊಂಡು ಹಿಂದಿನ ವರ್ಷದ ಕಾಡಿಗೆಯನ್ನು ಅರಳೆಯಿಂದ ತೆಗೆಯುವರು. ಬಣ್ಣಕ್ಕೆ ಕಾಡಿಗೆ ಒಳ್ಳೆಯದಲ್ಲ ಎಂದು ಗೊಣಗುವರು. ಆಮೇಲೆ ಅವರು ಹೊರಗೆ ಹೋದ ಮೇಲೆ ನಾನು ಒಳಗೆ ಹೋಗಿ ಬೊಟ್ಟು ಇಡುವೆ. ಎಲ್ಲರಿಗೂ ಅದು ಕಾಡಿಗೆ ಎಂದು ಗೊತ್ತು. ಆದರೂ ವರ ನೋಡುವವರು ಬಲಗೆನ್ನೆ ನೋಡುವುದನ್ನು ಬಿಡಲಿಲ್ಲ.

ಆ ಸಂಜೆ ಮಾತ್ರ ಅಂಗಳದಲ್ಲಿ ಗದ್ದಲವೇ ಆಯಿತು. ಕೈ ಹಿಂದೆ ಕಟ್ಟಿಕೊಂಡಿದ್ದ ಹಿರಿಯರು ತಾವೇ ಬಂದು ನಮ್ಮವರ ಕೈಗೆ ಬನ್ನಿ ತುರುಕಿದರು. ಗೆಳೆಯ ಬಂದ, ಪಕ್ಕದ ಹೊಲದವನು ಬಂದ. ಕೊನೆಗೆ ಕಾರಭಾರಿ ಕೂಡ ಹಲ್ಲು ಕಿರಿಯುತ್ತ ಬಂದು, "ಬಂಗಾರದಂಗ ಇರೋಣ್ರಿ ಮಾಸ್ತರ" ಎಂದ. ನಮ್ಮವರು ಎಲ್ಲರಿಂದಲೂ ತಗೊಂಡರು, ಎಲ್ಲರಿಗೂ ಕೊಟ್ಟರು.

ಅತ್ತೆ ದೀಪ ಹಚ್ಚಲು ಅಲ್ಲೇ ಉಳಿದಳು. ನಾವಿಬ್ಬರೇ ಮನೆಗೆ ಹೊರಟೆವು. ಅವರ ಮುಂಡಾಸಿನಲ್ಲಿ, ಜೇಬಿನಲ್ಲಿ, ಕೈಯಲ್ಲಿ ಬರೀ ಬನ್ನಿ. ನನಗೆ ತಾಯಿಯ ಕಡೆ ನೋಡಿ ನೆಲ ನೋಡಿದ ಅವರ ಮುಖ ನೆನಪಿಗೆ ಬಂತು.

"ನಿಮಗ ಮೊದಲ ಗೊತ್ತಿತ್ತೇನ್ರಿ?" ಎಂದೆ.

"ಕಾಡಿಗಿ ಅರಳಿಗೆ ಅಂಟಿ ಬಂದಾಗ ಗೊತ್ತಾತು" ಎಂದರು. "ಔಡಲೆಣ್ಣಿ, ಪಚ್ಚಕರ್ಪೂರ. ವಾಸನಿ ಬರೂದ್ರಾಗ ಮಚ್ಚಿ ಹೋಗಿಬಿಟ್ಟಿತ್ತು. ಸಣ್ಣಾವ ಇದ್ದಾಗ ನನ್ನ ಕೆನ್ನಿಗೂ ಅದ ಕಾಡಿಗಿ ಹಚ್ಚತಿದ್ಲು."

"ಮತ್ತ ಅಷ್ಟು ಜನದಾಗ ಹೇಳಬಾರದಿತ್ತೇನ್ರಿ?"

"ಅವ್ವನ ಹೆಸರು ಹೇಳ್ಲೇನು?"

"ನನಗರ ಹೇಳಬಾರದಿತ್ತೇನು?"

ಅವರು ನಿಂತರು. "ನೀ ಕಳವಿನ ಮಾತು ಕೇಳಿದಿ" ಎಂದರು. "ಕಾಡಿಗಿ ಮಾತು ಕೇಳಲಿಲ್ಲ."

ಕಾಡಿಗೆಯನ್ನು ವರ್ಷವರ್ಷ ನೋಡಿದವಳು ಊರಿನಲ್ಲಿ ನಾನೊಬ್ಬಳೇ. ಎಲ್ಲದರ ಮೇಲೂ ಕಣ್ಣಿಟ್ಟಿದ್ದೆ. ಹೊಸ್ತಿಲ ಬಳಿ ಬಂದಾಗ ಸೆರಗಿನ ಗಂಟು ಬಿಚ್ಚಿದೆ. ಎಲೆ ಬಾಡಿತ್ತು. ಕಾರಭಾರಿ ಕೂಡ ಕೊಟ್ಟಾದ ಮೇಲೆ, ಊರಿನಲ್ಲಿ ಎಲ್ಲರಿಗಿಂತ ಕಡೆಯವಳಾಗಿ, ನಾನು ಕೊಟ್ಟೆ. ಅವರು ಕೈಚಾಚಿ ತಗೊಂಡರು. ಬಂಗಾರದಂಗ ಇರೋಣು ಎಂದು ಮಾತ್ರ ಅನ್ನಲಿಲ್ಲ.